ಬಿಟ್ಟ ಸ್ಥಳದ ರುಚಿ

'ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೈನ್' ಎಂದು ಶುರುವಾಗುವ ವಾಕ್ಯ ಅಲ್ಲಿಗೇ ನಿಂತುಬಿಡುತ್ತದೆ. ಮುಂದೆ ಒಂದು ಗೆರೆ. ಗೆರೆಯ ಪಕ್ಕ ಕಂಸ. ಕಂಸದೊಳಗೆ 'ಲೀವ್' ಎಂಬ ಕ್ರಿಯಾಪದ, ಯಾವ ಕಾಲಕ್ಕೂ ಇನ್ನೂ ಸೇರದೆ ಕೂತಿರುತ್ತದೆ. ಸರಿಯಾದ ರೂಪ ಬರೆದು ಬಿಟ್ಟ ಸ್ಥಳ ತುಂಬಿರಿ, ಒಂದು ಅಂಕ. ಹೈಸ್ಕೂಲು ಮುಗಿಸಿದವರೆಲ್ಲ ಇಂಥ ನೂರಾರು ಗೆರೆಗಳ ಮೇಲೆ ಪೆನ್ನು ಆಡಿಸಿದವರೇ. ಪರೀಕ್ಷೆ ಮುಗಿಯಿತೆಂದರೆ ಅದರ ಗೊಡವೆ ಯಾರಿಗೂ ಬೇಡ. ನನಗೆ ಮಾತ್ರ ಆ ಆಸೆ ಬಿಟ್ಟಿಲ್ಲ. ಹಳೆ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ವ್ಯಾಕರಣದ ಪುಸ್ತಕ ಕೈಗೆ ಸಿಕ್ಕರೆ ನಿಯಮಗಳ ಪುಟ ಹಾರಿಸಿ ನೇರವಾಗಿ ಅಭ್ಯಾಸದ ಪುಟಕ್ಕೆ ಹೋಗುತ್ತೇನೆ. ಹಿಂದಿನ ಮಾಲೀಕರು ಪೆನ್ಸಿಲಿನಲ್ಲಿ ತುಂಬಿದ ಉತ್ತರಗಳಿದ್ದರಂತೂ ಅಂಗಡಿಯವನು ಹೇಳಿದ ಬೆಲೆ ಕೊಟ್ಟು ತರುತ್ತೇನೆ.

ಆ ರೈಲಿನ ವಾಕ್ಯವನ್ನೇ ನೋಡಿ. 'ಲೆಫ್ಟ್' ಎಂದು ತುಂಬಿದರೆ ನಾವು ನಿಲ್ದಾಣಕ್ಕೆ ಕಾಲಿಟ್ಟೆವು, ರೈಲು ಹೊರಟಿತು. ಒಂದರ ಬೆನ್ನಿಗೆ ಇನ್ನೊಂದು. ಸೀಟಿ ಕಿವಿಗೆ ಬಿದ್ದಿದೆ, ಕೊನೆಯ ಬೋಗಿ ಕಣ್ಣೆದುರೇ ಜಾರಿದೆ. 'ವಾಸ್ ಲೀವಿಂಗ್' ಎಂದರೆ ಗಾಲಿಗಳು ಆಗಲೇ ಉರುಳತೊಡಗಿವೆ, ಆದರೆ ಆಟ ಇನ್ನೂ ಮುಗಿದಿಲ್ಲ. ಬಾಗಿಲಲ್ಲಿ ನಿಂತ ಯಾರೋ ಕೈ ಚಾಚಿ ಹತ್ತಿಸಿಕೊಂಡಾರು. 'ಹ್ಯಾಡ್ ಲೆಫ್ಟ್' ಎಂದು ಬರೆದಿರೋ, ಪ್ಲಾಟ್‌ಫಾರಂ ಖಾಲಿ. ಸೀಟಿಯೂ ಇಲ್ಲ, ಬೋಗಿಯೂ ಇಲ್ಲ. ರೈಲು ಹೋಗುವುದನ್ನು ಆ ವಾಕ್ಯದೊಳಗಿನವರು ಯಾರೂ ನೋಡಿಲ್ಲ, ಹೋಗಿರುವುದನ್ನು ತಿಳಿದುಕೊಂಡಿದ್ದಾರೆ ಅಷ್ಟೆ. ಕನ್ನಡದಲ್ಲೂ ಈ ಮೂರೂ ನಮಗೆ ಗೊತ್ತಿರುವಂಥದೇ: ಹೊರಟಿತು, ಹೊರಡುತ್ತಿತ್ತು, ಹೊರಟುಹೋಗಿತ್ತು. ಗೆರೆ ಒಂದೇ ಅಳತೆಯದು, ಆದರೆ ಏನು ತುಂಬುತ್ತೀರಿ ಎಂಬುದರ ಮೇಲೆ ಆ ದಿನ ಮನೆ ಮುಟ್ಟಿದಿರೋ ಇಲ್ಲವೋ ಎಂಬುದೇ ಬದಲಾಗುತ್ತದೆ.

ಪುಸ್ತಕದ ಕೊನೆಯ ಕೀ ಉತ್ತರದಲ್ಲಿ ಸಾಮಾನ್ಯವಾಗಿ 'ಹ್ಯಾಡ್ ಲೆಫ್ಟ್' ಒಂದೇ ಇರುತ್ತದೆ. ಬೇರೆ ಎರಡು ಬರೆದ ಹುಡುಗನಿಗೆ ಕೆಂಪು ಇಂಕಿನ ಗೀಟು. ಇದು ನ್ಯಾಯವಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಒಂದೇ ಉತ್ತರ ಬೇಕಿದ್ದರೆ ಅದಕ್ಕೆ ತಕ್ಕ ಸಾಕ್ಷ್ಯವನ್ನು ವಾಕ್ಯದಲ್ಲೇ ಇಡಬೇಕು. 'ಪ್ಲಾಟ್‌ಫಾರಂ ಬಿಕೋ ಎನ್ನುತ್ತಿತ್ತು' ಎಂದು ಇನ್ನೊಂದು ವಾಕ್ಯ ಸೇರಿಸಲಿ, ಅಥವಾ ಗಾರ್ಡು ಹಸಿರು ಬಾವುಟ ಬೀಸುತ್ತಿದ್ದ ಎನ್ನಲಿ. ಆಗ ಗೆರೆ ತಾನಾಗಿಯೇ ತನ್ನ ಕ್ರಿಯಾಪದವನ್ನು ಆರಿಸಿಕೊಳ್ಳುತ್ತದೆ. ಒಳ್ಳೆಯ ಅಭ್ಯಾಸ ಬರೆಯುವವರ ಕೈಚಳಕ ಇರುವುದೇ ಇಲ್ಲಿ. ಹತ್ತು ಪದಗಳ ಒಂದು ವಾಕ್ಯದಲ್ಲಿ, ಮೂಲೆಯಲ್ಲಿ ಎಲ್ಲೋ, ಒಂದು 'ಯೆಟ್', ಒಂದು 'ಆಲ್ರೆಡಿ', ಒಂದು 'ಬೈ ದ ಟೈಮ್' ಇಟ್ಟಿರುತ್ತಾರೆ. ಅವಸರದಲ್ಲಿ ಓದುವವರು ಅದನ್ನು ದಾಟಿ ಹೋಗುತ್ತಾರೆ. ನಿಧಾನವಾಗಿ ಓದುವವರಿಗೆ ಅಷ್ಟೇ ಸಾಕು.

ನಮ್ಮ ಕಡೆಯ ಇಂಗ್ಲಿಷ್ ಕ್ಲಾಸುಗಳಲ್ಲಿ ಪಾಸ್ಟ್ ಪರ್ಫೆಕ್ಟ್ ಎಂದ ಕೂಡಲೇ ರೈಲಿಗಿಂತ ಮೊದಲು ನೆನಪಾಗುವವರು ಡಾಕ್ಟರು. 'ದ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್.' ಈ ವಾಕ್ಯವನ್ನು ಮೊದಲು ಯಾರು ಬರೆದರೋ, ತಲೆಮಾರುಗಳಿಂದ ಕಪ್ಪು ಹಲಗೆಯ ಮೇಲೆ ಆ ರೋಗಿ ಸಾಯುತ್ತಲೇ ಇದ್ದಾನೆ, ಡಾಕ್ಟರು ತಡವಾಗಿ ಬರುತ್ತಲೇ ಇದ್ದಾರೆ. ಇದರ ಮೇಲೆ ನನಗೆ ಪ್ರೀತಿ ಇದೆ. ಒಂದೇ ಸಾಲಿನಲ್ಲಿ ಒಂದು ಕಥೆ ಹೇಳುವ ವಾಕ್ಯ ಅದು. ಆದರೆ ಪಾಠಕ್ಕೆ ಇದು ಅಷ್ಟು ಒಳ್ಳೆಯ ಉದಾಹರಣೆಯಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು 'ಬಿಫೋರ್' ಆಗಲೇ ಹೇಳಿ ಮುಗಿಸಿದೆ. ಹಾಗಾಗಿ 'ಡೈಡ್' ಎಂದಷ್ಟೇ ಬರೆದರೂ ಇಂಗ್ಲಿಷರು ತಪ್ಪೆನ್ನುವುದಿಲ್ಲ. 'ಬಿಫೋರ್' ತೆಗೆದು ಅಲ್ಲಿ 'ವೆನ್' ಇಟ್ಟು ನೋಡಿ, ಇಡೀ ಭಾರ 'ಹ್ಯಾಡ್' ಮೇಲೆ ಬೀಳುತ್ತದೆ. 'ವೆನ್ ದ ಡಾಕ್ಟರ್ ಕೇಮ್, ದ ಪೇಷೆಂಟ್ ಹ್ಯಾಡ್ ಡೈಡ್' ಎಂದರೆ ಡಾಕ್ಟರು ನಿರಪರಾಧಿ. 'ಹ್ಯಾಡ್' ತೆಗೆದು 'ಡೈಡ್' ಎಂದು ಮಾತ್ರ ಬರೆದರೆ, ಡಾಕ್ಟರು ಬಂದರು, ರೋಗಿ ಸತ್ತ ಎಂದಾಗುತ್ತದೆ. ಅವರು ಬಂದದ್ದರಿಂದಲೇ ಸತ್ತನೇನೋ ಎಂಬ ಅನುಮಾನ ಹುಟ್ಟುತ್ತದೆ. ಒಬ್ಬ ಮನುಷ್ಯನ ಮಾನ ಒಂದು ಸಹಾಯಕ ಕ್ರಿಯಾಪದದ ಕೈಯಲ್ಲಿ ಇರಬಹುದು ಎಂಬುದನ್ನು ಹೀಗೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಈ 'ಹ್ಯಾಡ್' ಒಳಗೆ ಏನಿದೆ ಎಂಬುದನ್ನು ಅತ್ಯಂತ ಅಚ್ಚುಕಟ್ಟಾಗಿ ಬಿಡಿಸಿ ತೋರಿಸಿದವರು ವ್ಯಾಕರಣದವರಲ್ಲ, ಒಬ್ಬ ತತ್ತ್ವಜ್ಞಾನಿ. ಹ್ಯಾನ್ಸ್ ರೈಖೆನ್‌ಬಾಖ್, ಜರ್ಮನಿಯವರು, ಭೌತಶಾಸ್ತ್ರದ ತತ್ತ್ವದ ಬಗ್ಗೆ ಬರೆಯುತ್ತಿದ್ದವರು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಬರ್ಲಿನ್ ಬಿಟ್ಟು ಇಸ್ತಾಂಬುಲ್‌ಗೆ ಹೋದರು, ಅಲ್ಲಿಂದ 1938ರಲ್ಲಿ ಕ್ಯಾಲಿಫೋರ್ನಿಯಾಕ್ಕೆ. 1947ರಲ್ಲಿ ಅವರು ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಕ್ರಿಯಾಪದದ ಕಾಲಗಳ ಬಗ್ಗೆ ಕೆಲವೇ ಪುಟಗಳಿವೆ; ಭಾಷಾವಿಜ್ಞಾನಿಗಳು ಇವತ್ತಿಗೂ ಆ ಪುಟಗಳಿಗೆ ಮರಳುತ್ತಾರೆ. ಕಾಲಕ್ಕೆ ಎರಡು ಬಿಂದು ಸಾಲದು, ಮೂರು ಬೇಕು ಎನ್ನುವುದು ಅವರ ಮಾತಿನ ಸಾರ. ಮಾತಾಡುತ್ತಿರುವ ಹೊತ್ತು ಒಂದು. ಘಟನೆ ನಡೆದ ಹೊತ್ತು ಇನ್ನೊಂದು. ಮೂರನೆಯದು, ನಾವು ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತಿದ್ದೇವೆ ಎಂಬ ನೋಟದ ಹೊತ್ತು. 'ಲೆಫ್ಟ್' ಎಂದರೆ ನೋಟ ಘಟನೆಯ ಜೊತೆಗೇ ಹಿಂದಕ್ಕೆ ಹೋಗಿ ನಿಂತಿದೆ. 'ಹ್ಯಾಸ್ ಲೆಫ್ಟ್' ಎಂದರೆ ಘಟನೆ ಹಿಂದೆ, ನೋಟ ನಮ್ಮ ಜೊತೆ ಈಗ ಇಲ್ಲಿ. 'ಹ್ಯಾಡ್ ಲೆಫ್ಟ್' ಎಂದಾಗ ಮೂರೂ ಬೇರೆ ಬೇರೆ: ಮಾತು ಇವತ್ತಿನದು, ನೋಟ ಆ ದಿನ ನಿಲ್ದಾಣ ತಲುಪಿದ ಗಳಿಗೆಯದು, ರೈಲು ಅದಕ್ಕೂ ಹಿಂದಿನದು. ಕನ್ನಡ ಈ ಕೆಲಸವನ್ನೆಲ್ಲ 'ಇರು' ಎಂಬ ಒಂದೇ ಧಾತುವಿನಿಂದ ಮಾಡಿಸಿಕೊಳ್ಳುತ್ತದೆ: ಬಂದಿದ್ದಾನೆ, ಬಂದಿದ್ದ, ಬಂದಿರುತ್ತಾನೆ. ರೈಖೆನ್‌ಬಾಖ್ ಓದಿದ ಮೇಲೆ ನನಗೆ ಅಭ್ಯಾಸದ ಗೆರೆ ಬೇರೆಯಾಗಿಯೇ ಕಾಣಿಸತೊಡಗಿತು. ಯಾವಾಗ ನಡೆಯಿತು ಎಂಬುದಕ್ಕಿಂತ ಮುಂಚೆ, ಹೇಳುವವರು ಎಲ್ಲಿ ನಿಂತಿದ್ದಾರೆ ಎಂದು ಹುಡುಕುವ ಅಭ್ಯಾಸವಾಯಿತು.

ಈ ಗೆರೆಗಳು ನಮ್ಮ ನಾಡಿಗೆ ಬಂದ ದಾರಿಯಲ್ಲೂ ಸ್ವಾರಸ್ಯವಿದೆ. ನಮ್ಮ ಅಜ್ಜಂದಿರ ಕಾಲದವರು ನೆಸ್‌ಫೀಲ್ಡ್ ವ್ಯಾಕರಣ ಓದಿದವರು. ಮ್ಯಾಕ್‌ಮಿಲನ್ ಕಂಪನಿಯ ಆ ಪುಸ್ತಕಗಳು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಲ್ಲಿನ ಶಾಲೆಗಳಲ್ಲಿ ಓಡಾಡಿದವು. ಆಮೇಲೆ ಬಂದದ್ದು ರೆನ್ ಅಂಡ್ ಮಾರ್ಟಿನ್. ಅದರ ಪಿ.ಸಿ. ರೆನ್ ಕರಾಚಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು; ಸಹಾರಾ ಮರುಭೂಮಿಯ ಫ್ರೆಂಚ್ ಸೈನಿಕರ ಮೇಲೆ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನು 1924ರಲ್ಲಿ ಬರೆದು ಹೆಸರಾದವರೂ ಅವರೇ. ಕಥೆ ಕಟ್ಟುವವನ ಹೆಸರು ವ್ಯಾಕರಣದ ಪುಸ್ತಕದ ಮೇಲೆ ಇರುವುದು ನನಗೆ ಸರಿಯಾಗಿಯೇ ಕಾಣುತ್ತದೆ. ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ ಅದರ ಆವೃತ್ತಿ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ನಿಯಮ ಮೊದಲು, ಉದಾಹರಣೆ ಆಮೇಲೆ, ಅಭ್ಯಾಸ ಕೊನೆಗೆ. ಗುರುವಿಲ್ಲದೆ ಓದುವುದು ಕಷ್ಟ.

1985ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ರೇಮಂಡ್ ಮರ್ಫಿಯವರ ಪುಸ್ತಕದ ದಾರಿಯೇ ಬೇರೆ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ, ಕೊನೆಯಲ್ಲಿ ಉತ್ತರ. ಪುಸ್ತಕ ತೆರೆದಿಟ್ಟರೆ ಕಲಿಸುವವರು ಎಡಕ್ಕೂ ಕಲಿಯುವವರು ಬಲಕ್ಕೂ ಕೂತ ಹಾಗಿರುತ್ತದೆ. ದೊಡ್ಡ ಮಾತುಗಳಿಲ್ಲ. ಮನುಷ್ಯರು ಬಸ್ಸಿಗೆ ಕಾಯುತ್ತಾರೆ, ಕೀ ಕಳೆದುಕೊಳ್ಳುತ್ತಾರೆ, ಗೆಳೆಯರಿಗೆ ಫೋನ್ ಮಾಡುತ್ತಾರೆ. ಇಷ್ಟು ಸಾದಾ ಬದುಕಿನಿಂದ ಇಂಗ್ಲಿಷಿನ ಕಾಲಗಳನ್ನೆಲ್ಲ ಹೊರತೆಗೆಯುವುದು ಸಣ್ಣ ಪ್ರತಿಭೆಯಲ್ಲ. ಬ್ಯಾಂಕ್ ಪರೀಕ್ಷೆಗಳಿಗೆ ಓದುವ ನಮ್ಮ ಹುಡುಗರು ಕ್ಲೋಜ್ ಟೆಸ್ಟ್ ಎಂದು ಕರೆಯುವ, ಇಡೀ ಪ್ಯಾರಾದಲ್ಲಿ ಅಲ್ಲಲ್ಲಿ ಪದ ಕಿತ್ತು ಕೊಡುವ ಬಗೆ 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಅವರಿಂದ ಶುರುವಾದದ್ದು. ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಅಳೆಯಲು ಅವರು ಅದನ್ನು ಮಾಡಿದ್ದರು. ಓದುವವರನ್ನು ಅಳೆಯುವ ಕೋಲಾಗಿದ್ದು ಆಮೇಲೆ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಪ್ರೆಸೆಂಟ್ ಪರ್ಫೆಕ್ಟ್ ಹತ್ತಿರ. ಕನ್ನಡದಲ್ಲಿ ಯೋಚಿಸುವವರಿಗೆ ಇದು ಸುಲಭದಲ್ಲಿ ಒಲಿಯುವುದಿಲ್ಲ, ಯಾಕೆಂದರೆ ಅದರ ಜೋಡಿ ನಮ್ಮಲ್ಲೂ ಇದೆ. ಇಲ್ಲದಿದ್ದರೆ ಹೊಸದಾಗಿ ಕಲಿಯುತ್ತಿದ್ದೆವು. ಇರುವುದರಿಂದ, ಇದೂ ಅದೇ ಅಂದುಕೊಳ್ಳುತ್ತೇವೆ. 'ಮಾವ ನಿನ್ನೆ ಊರಿಂದ ಬಂದಿದ್ದಾರೆ' ಎನ್ನುವುದು ಅಪ್ಪಟ ಕನ್ನಡ. ಮಾವ ಬಂದದ್ದು ನಿನ್ನೆ, ಆದರೆ ಈಗಲೂ ಒಳಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾರೆ; ಎರಡನ್ನೂ ಕನ್ನಡ ಒಂದೇ ಉಸಿರಿನಲ್ಲಿ ಹೇಳಬಲ್ಲದು. ಇದನ್ನೇ ಇಂಗ್ಲಿಷಿಗೆ ಒಯ್ದು 'ಹ್ಯಾಸ್ ಕಮ್ ಯೆಸ್ಟರ್ಡೇ' ಎಂದರೆ ಅಲ್ಲಿ ಒಪ್ಪುವುದಿಲ್ಲ. 'ಯೆಸ್ಟರ್ಡೇ' ಎಂಬ ಪದ ನೋಟವನ್ನು ನಿನ್ನೆಗೆ ಎಳೆಯುತ್ತದೆ, 'ಹ್ಯಾಸ್' ಈಗಿಗೆ ಎಳೆಯುತ್ತದೆ, ವಾಕ್ಯ ನಡುವೆ ಹರಿಯುತ್ತದೆ. ನಿನ್ನೆ ಬೇಕೋ, ಮಾವ ಈಗ ಮನೆಯಲ್ಲಿದ್ದಾರೆ ಎಂಬುದು ಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಕನ್ನಡದ ಈ ಔದಾರ್ಯ ನನಗೆ ಇಷ್ಟ. ಇಂಗ್ಲಿಷಿನ ಆ ಹಟವೂ ಇಷ್ಟವೇ. ಹಟದಿಂದಾಗಿ ಒಂದು ಗೆರೆಯೊಳಗೆ ನಿಜವಾದ ಆಯ್ಕೆ ಹುಟ್ಟುತ್ತದೆ.

'ಫಾರ್' ಮತ್ತು 'ಸಿನ್ಸ್' ಜೋಡಿಯೂ ಹೀಗೇ. '2019ರಿಂದ ಇಲ್ಲಿದ್ದೇನೆ', 'ಐದು ವರ್ಷದಿಂದ ಇಲ್ಲಿದ್ದೇನೆ' — ಶುರುವಾದ ಬಿಂದುವಿಗೂ ಕಳೆದ ಅವಧಿಗೂ ನಮಗೆ ಒಂದೇ 'ಇಂದ' ಸಾಕು, ಕ್ರಿಯಾಪದವೂ ವರ್ತಮಾನದಲ್ಲೇ ಆರಾಮಾಗಿ ಇರುತ್ತದೆ. 'ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎನ್ನುವವರ ಬಾಯಲ್ಲಿ ಕನ್ನಡ ತನ್ನ ನಿಯಮವನ್ನು ಪೂರ್ತಿ ಪಾಲಿಸಿದೆ. ಇಂಗ್ಲಿಷ್ ಮಾತ್ರ ಆ ಐದು ವರ್ಷವನ್ನು ಹಿಂದಿನಿಂದ ಈಗಿನವರೆಗೆ ಎಳೆದ ದಾರವೆಂದು ಕಂಡು 'ಹ್ಯಾವ್ ಬೀನ್' ಬೇಕೆನ್ನುತ್ತದೆ. ತಪ್ಪು ತಿದ್ದುವ ಮೇಷ್ಟರು ಮೊದಲು ಈ ಎರಡು ನೋಟಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಕೆಂಪು ಇಂಕು ಎಷ್ಟೋ ಉಳಿದೀತು.

ಇದೇ ಪ್ರೆಸೆಂಟ್ ಪರ್ಫೆಕ್ಟಿನ ಇನ್ನೊಂದು ಗುಣ ಇನ್ನೂ ಸೂಕ್ಷ್ಮ. 'ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್' ಎಂಬ ವಾಕ್ಯ ಇಂಗ್ಲಿಷರ ಕಿವಿಗೆ ಒಂದು ಥರಾ ಕೇಳಿಸುತ್ತದೆ. ವ್ಯಾಕರಣದ ಯಾವ ಪದವೂ ತಪ್ಪಿಲ್ಲ. ಐನ್‌ಸ್ಟೈನ್ ಪ್ರಿನ್ಸ್‌ಟನ್‌ಗೆ ಹೋದದ್ದೂ ನಿಜ. ಆದರೆ ಅವರು 1955ರಲ್ಲಿ ತೀರಿಕೊಂಡರು. ತೀರಿಕೊಂಡವರು ಈಗಿನ ನೋಟಕ್ಕೆ ಕರ್ತೃವಾಗಿ ನಿಲ್ಲಲಾರರು. ಅದೇ ವಾಕ್ಯವನ್ನು ತಿರುಗಿಸಿ, 'ಪ್ರಿನ್ಸ್‌ಟನ್ ಹ್ಯಾಸ್ ಬೀನ್ ವಿಸಿಟೆಡ್ ಬೈ ಐನ್‌ಸ್ಟೈನ್' ಎಂದರೆ ಸರಿಹೋಗುತ್ತದೆ, ಏಕೆಂದರೆ ಪ್ರಿನ್ಸ್‌ಟನ್ ಇನ್ನೂ ಇದೆ. ಈ ಉದಾಹರಣೆ ನೋಮ್ ಚಾಮ್‌ಸ್ಕಿಯವರದು. ಕನ್ನಡದಲ್ಲಿ ಈ ಕಟ್ಟುಪಾಡು ಇಲ್ಲ. ಪಂಪ ತೀರಿಕೊಂಡು ಸಾವಿರ ವರ್ಷ ದಾಟಿದರೂ 'ಪಂಪ ಬನವಾಸಿಯ ಬಗ್ಗೆ ಬರೆದಿದ್ದಾನೆ' ಎನ್ನುತ್ತೇವೆ, 'ಕುವೆಂಪು ಈ ಮಾತನ್ನು ಆಗಲೇ ಹೇಳಿದ್ದಾರೆ' ಎನ್ನುತ್ತೇವೆ. ಬರೆದವರು ಹೋದರೂ ಬರೆದದ್ದು ಮುಂದಿದೆಯಲ್ಲ, ನಮಗೆ ಅಷ್ಟು ಸಾಕು.

ಅಕ್ಕನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಕೂತು ವರ್ಕ್‌ಬುಕ್ ತುಂಬಿಸುತ್ತಿದ್ದಳು. 'ಮೈ ಗ್ರ್ಯಾಂಡ್‌ಫಾದರ್', ಮುಂದೆ ಗೆರೆ, 'ಮೆನಿ ಟ್ರೀಸ್ ಇನ್ ದಿಸ್ ಗಾರ್ಡನ್'. ಕಂಸದಲ್ಲಿ 'ಪ್ಲಾಂಟ್'. ಪೆನ್ಸಿಲನ್ನು ಗಲ್ಲಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತವಳು ಕೇಳಿದಳು: "ಚಿಕ್ಕಮ್ಮ, ಈ ತಾತ ಈಗ ಇದಾರಾ?"

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ತಾತ ಇದ್ದರೆ 'ಹ್ಯಾಸ್ ಪ್ಲಾಂಟೆಡ್' ನಡೆಯುತ್ತದೆ. ನಾಳೆ ಇನ್ನೊಂದು ಸಸಿ ನೆಟ್ಟರೂ ನೆಟ್ಟಾರು, ಲೆಕ್ಕ ಇನ್ನೂ ತೆರೆದಿದೆ. ಇಲ್ಲದಿದ್ದರೆ 'ಪ್ಲಾಂಟೆಡ್' ಒಂದೇ. ಪುಸ್ತಕ ಬರೆದವರು ಅಷ್ಟು ಯೋಚಿಸಿರಲಿಲ್ಲ. ಹಿಂದಿನ ಪ್ರಶ್ನೆ ನೋಡಿದೆವು, ಮುಂದಿನದು ನೋಡಿದೆವು, ತಾತನ ಸುದ್ದಿ ಎಲ್ಲೂ ಇಲ್ಲ. ಅವಳು 'ಹ್ಯಾಸ್ ಪ್ಲಾಂಟೆಡ್' ಎಂದೇ ಬರೆದಳು. "ಇರಲಿ ಬಿಡಿ, ಇದಾರೆ ಅನ್ಕೊಳೋಣ" ಅಂದಳು.

ಭವಿಷ್ಯತ್ತಿನ ಪ್ರಶ್ನೆಗಳು ಸಾಮಾನ್ಯವಾಗಿ ಪುಸ್ತಕದಲ್ಲಿ ಬಹಳ ಜಾಗ ತೆಗೆದುಕೊಳ್ಳುತ್ತವೆ. ನನಗೆ ಅವುಗಳ ಮೇಲೆ ಅಷ್ಟು ಮೋಹವಿಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯದ್ದೇ ಆದ ರೂಪವಿಲ್ಲ, 'ವಿಲ್', 'ಗೋಯಿಂಗ್ ಟು', ವರ್ತಮಾನದ ರೂಪಗಳು ಎಲ್ಲ ಸೇರಿ ಆ ಕೆಲಸ ತೂಗಿಸುತ್ತವೆ. ಡೆನ್ಮಾರ್ಕಿನ ವ್ಯಾಕರಣಕಾರ ಒಟ್ಟೊ ಯೆಸ್ಪರ್ಸನ್ ಇದನ್ನು ಬಹಳ ಹಿಂದೆಯೇ ಹೇಳಿದ್ದರು. ಕನ್ನಡದಲ್ಲೂ ಆಡುಮಾತಿನ ಕ್ರಿಯಾಪದಕ್ಕೆ ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲಗಳಿವೆ ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. 'ನಾಳೆ ಬರ್ತೀನಿ', 'ದಿನಾ ಬರ್ತೀನಿ' — ಎರಡಕ್ಕೂ ಒಂದೇ ರೂಪ. 'ಬರುವೆನು' ಪುಸ್ತಕದಲ್ಲಿ ಇದೆ, ಬೀದಿಯಲ್ಲಿ ಇಲ್ಲ. ಇನ್ನೊಂದು ಚೆಂದ ನೋಡಿ: ಒಳಗಿನಿಂದ ಅಮ್ಮ ಕೂಗಿದರೆ ಕೂತಲ್ಲಿಂದ ಏಳದೆಯೇ 'ಬಂದೆ, ಬಂದೆ' ಎನ್ನುತ್ತೇವೆ. ಇನ್ನೂ ನಡೆಯದ ಕೆಲಸಕ್ಕೆ ನಡೆದುಹೋದ ರೂಪ. ಬರುವುದರಲ್ಲಿ ಅನುಮಾನವೇ ಬೇಡ, ಬಂದಾಯಿತು ಎಂದು ತಿಳಿದುಕೋ ಎಂಬ ಭರವಸೆ ಅದು. ಇಂಗ್ಲಿಷಿನ ಮಗು ಇದೇ ಜಾಗದಲ್ಲಿ 'ಐ ಆಮ್ ಕಮಿಂಗ್' ಎನ್ನುತ್ತದೆ.

ರೂಪಗಳ ವಿಷಯ ಬಂದರೆ ಕ್ಲಾಸಿನ ಕೋರಸ್ ಕಿವಿಗೆ ಬರದೆ ಇರದು. ವಿ ಒನ್, ವಿ ಟೂ, ವಿ ತ್ರೀ. ಗೋ-ವೆಂಟ್-ಗಾನ್, ಸೀ-ಸಾ-ಸೀನ್, ಸಿಂಗ್-ಸ್ಯಾಂಗ್-ಸಂಗ್. ಮಗ್ಗಿಯ ಹಾಗೆ ರಾಗ ಎಳೆದು ಹೇಳಿಸುತ್ತಿದ್ದರು, ಸಾಲಿನ ಕೊನೆಯ ಹುಡುಗನವರೆಗೂ. ಉರು ಹೊಡೆಸುವುದನ್ನು ಈಗ ಬೈಯುವುದು ವಾಡಿಕೆ. ನಾನು ಬೈಯಲಾರೆ. ಈ ಕ್ರಿಯಾಪದಗಳಿಗೆ ನಿಯಮವಿಲ್ಲದಿರುವುದರಿಂದ ಕಿವಿಯಿಂದಲೇ ಕಲಿಯಬೇಕು, ಇಂಗ್ಲಿಷ್ ಮಕ್ಕಳೂ ಕಿವಿಯಿಂದಲೇ ಕಲಿಯುವುದು. 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹಾರ್ವರ್ಡಿನ ಗಣಿತದವರು ಬರೆದ ಒಂದು ಲೇಖನ ಈ ಪಟ್ಟಿಯ ಚರಿತ್ರೆಯನ್ನು ಲೆಕ್ಕ ಹಾಕಿತ್ತು. ಹಳೆಯ ಇಂಗ್ಲಿಷಿನಿಂದ ಅವರು ಆರಿಸಿಕೊಂಡ 177 ಅನಿಯಮಿತ ಕ್ರಿಯಾಪದಗಳಲ್ಲಿ ಮಧ್ಯಕಾಲದ ಹೊತ್ತಿಗೆ 145 ಹಾಗೇ ಉಳಿದಿದ್ದವು, ಈಗ 98. ಉಳಿದವೆಲ್ಲ 'ಇಡಿ' ಹಚ್ಚಿಕೊಂಡು ನಿಯಮಕ್ಕೆ ಬಂದವು. ಅಪರೂಪಕ್ಕೆ ಬಳಸುವ ಕ್ರಿಯಾಪದ ಬೇಗ ಶರಣಾಗುತ್ತದೆ. ದಿನವೂ ನೂರು ಸಲ ನಾಲಿಗೆಯ ಮೇಲೆ ಓಡಾಡುವುದು ತನ್ನ ಹಳೆಯ ರೂಪ ಬಿಡುವುದಿಲ್ಲ. ಕನ್ನಡಕ್ಕೂ ಈ ಮಾತು ಒಪ್ಪುತ್ತದೆ ಎಂದೇ ನನ್ನ ಅನಿಸಿಕೆ. ಬರು-ಬಂದ, ತರು-ತಂದ, ಬೀಳು-ಬಿದ್ದ, ಏಳು-ಎದ್ದ, ನಗು-ನಕ್ಕ, ಸಾಯು-ಸತ್ತ, ನೋಯು-ನೊಂದ. ಹುಟ್ಟಿದಾಗಿನಿಂದ ಸಾಯುವವರೆಗೆ ಬೇಕಾಗುವ ಕ್ರಿಯಾಪದಗಳೇ ಇವೆಲ್ಲ. ನಮಗೆ ಯಾರೂ ಇವನ್ನು ಕೋರಸ್ ಹೇಳಿಸಲಿಲ್ಲ. ಅಡುಗೆಮನೆ, ಅಂಗಳಗಳೇ ಹೇಳಿಕೊಟ್ಟವು.

ಕರ್ತೃ-ಕ್ರಿಯಾಪದಗಳ ಹೊಂದಾಣಿಕೆಯ ಅಭ್ಯಾಸದಲ್ಲಿ ನನಗೆ ಪ್ರಿಯವಾದದ್ದು ಒಂದೇ ಬಗೆ, ಮಾವಿನಹಣ್ಣಿನ ಬುಟ್ಟಿಯದು. 'ದ ಬಾಸ್ಕೆಟ್ ಆಫ್ ಮ್ಯಾಂಗೋಸ್', ಗೆರೆ, 'ಆನ್ ದ ಟೇಬಲ್'. 'ಈಸ್' ಇರಬೇಕಾದ ಕಡೆ ಎಷ್ಟೋ ಜನ 'ಆರ್' ಬರೆಯುತ್ತಾರೆ, ಏಕೆಂದರೆ ಗೆರೆಗೆ ಒತ್ತಿಕೊಂಡು ನಿಂತಿರುವುದು ಹಣ್ಣುಗಳು. ಬುಟ್ಟಿ ಹಿಂದೆ ಉಳಿದಿದೆ. ಕನ್ನಡದಲ್ಲಿ ಈ ಬಲೆಯೇ ಇಲ್ಲ. 'ಮಾವಿನಹಣ್ಣುಗಳ ಬುಟ್ಟಿ ಮೇಜಿನ ಮೇಲಿದೆ' ಎನ್ನುವಾಗ ಹಣ್ಣುಗಳು ಮೊದಲೇ ಬಂದು ದಾರಿ ಬಿಡುತ್ತವೆ, ಬುಟ್ಟಿ ಕ್ರಿಯಾಪದದ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಪದಗಳ ಸರದಿಯೇ ತಪ್ಪನ್ನು ತಡೆಯುತ್ತದೆ. ಒಂದು ಕಾಲಕ್ಕೆ ಇಂಗ್ಲಿಷ್ ಕ್ರಿಯಾಪದಕ್ಕೂ ನಮ್ಮದರಂತೆ ಬಗೆಬಗೆಯ ಬಾಲಗಳಿದ್ದವು. 1611ರ ಬೈಬಲ್ ಅನುವಾದದಲ್ಲಿ 'ಕಮೆತ್', 'ಗೋಯೆತ್' ಇನ್ನೂ ಕಾಣಸಿಗುತ್ತವೆ. ಈಗ ವರ್ತಮಾನದಲ್ಲಿ ಉಳಿದಿರುವುದು ಒಂದು 'ಎಸ್' ಮಾತ್ರ, ಅದೂ ಅವನು, ಅವಳು, ಅದು ಎಂಬ ಮೂವರಿಗೆ. ಆ ಒಂದು ಅಕ್ಷರದ ಮೇಲೆ ಇಷ್ಟು ಪರೀಕ್ಷೆಗಳು ನಡೆಯುತ್ತವೆ.

ಪುಸ್ತಕದ ಕೊನೆಯ ಅಧ್ಯಾಯಗಳಿಗೆ ಬಂದರೆ ಭೂತಕಾಲ ಬೇರೆಯದೇ ಕೆಲಸಕ್ಕೆ ತೊಡಗುತ್ತದೆ. 'ಇಫ್ ಐ', ಗೆರೆ, 'ಎ ಬರ್ಡ್'. ಇಲ್ಲಿ ನಿನ್ನೆಯ ಮಾತಿಲ್ಲ, ಹಿಂದೆ ನಡೆದದ್ದು ಏನೂ ಇಲ್ಲ; ಆದರೂ ಅಲ್ಲಿ ಬರಬೇಕಾದದ್ದು 'ವರ್', ಭೂತದ್ದೇ ರೂಪ. ಹಿಂದೆ ಸರಿದ ಕಾಲವನ್ನು ಹೇಳುವ ರೂಪವೇ ನಿಜದಿಂದ ದೂರ ಸರಿದದ್ದನ್ನೂ ಹೇಳುತ್ತದೆ. ಮೊದಲ ಸಲ ಇದನ್ನು ಕಲಿಸುವಾಗ ಮಕ್ಕಳು ಬೆಚ್ಚುತ್ತಾರೆ. ಕನ್ನಡದ ಕಡೆ ತಿರುಗಿಸಿದರೆ ಹೆದರಿಕೆ ಹೋಗುತ್ತದೆ. 'ನೀನು ಬಂದಿದ್ದರೆ ನಾನೂ ಬರುತ್ತಿದ್ದೆ.' ಯಾರೂ ಬರಲಿಲ್ಲ, ಆದರೂ 'ಬರುತ್ತಿದ್ದೆ'. ಹಿಂದೆ ದಿನಾ ಮಾಡುತ್ತಿದ್ದ ಕೆಲಸಕ್ಕೆ ಬಳಸುವ ರೂಪವನ್ನೇ ಎಂದೂ ನಡೆಯದ್ದಕ್ಕೆ ತೊಡಿಸಿದ್ದೇವೆ. ಎರಡು ದೂರದ ಭಾಷೆಗಳು, ಒಂದಕ್ಕೊಂದು ರಕ್ತಸಂಬಂಧವಿಲ್ಲ; ಆಗದೆ ಹೋದದ್ದನ್ನು ಹೇಳಬೇಕಾಗಿ ಬಂದಾಗ ಎರಡೂ ಭೂತಕಾಲದ ಬಾಗಿಲನ್ನೇ ತಟ್ಟಿವೆ. ಇಂಥದ್ದು ಕಂಡಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಈ ದೂರಕ್ಕೆ ಇನ್ನೊಂದು ಉಪಯೋಗವಿದೆ, ವಿನಯ. ಅಕ್ಕನ ಮಗಳ ವರ್ಕ್‌ಬುಕ್ಕಿನಲ್ಲೇ ಇತ್ತು: 'ಐ', ಗೆರೆ, 'ಇಫ್ ಯು ಕುಡ್ ಹೆಲ್ಪ್ ಮಿ'. ಕಂಸದಲ್ಲಿ 'ವಂಡರ್'. ಯಾರೋ ಅಪರಿಚಿತರ ಹತ್ತಿರ ಸಹಾಯ ಕೇಳುವ ಸಂದರ್ಭ ಎಂದು ಮೇಲೆ ಬರೆದಿತ್ತು. ಅವಳು 'ವಂಡರ್' ಎಂದೇ ಬರೆದಿದ್ದಳು. ಅದು ತಪ್ಪಲ್ಲ, ಆದರೆ ಇನ್ನೂ ಮೆತ್ತಗಿನದು ಒಂದಿದೆ ಎಂದೆ. 'ವಾಸ್ ವಂಡರಿಂಗ್'. ಅವಳಿಗೆ ಸಿಟ್ಟು ಬಂತು. "ಈಗ ತಾನೇ ಕೇಳ್ತಿರೋದು? ಪಾಸ್ಟ್ ಯಾಕೆ?"

"ಮೊನ್ನೆ ಮೇಲಿನ ಮನೆಯವರು ಬಂದು ಏನಂದ್ರು, ನೆನಪಿದೆಯಾ?"

ಸ್ವಲ್ಪ ಯೋಚಿಸಿದಳು. "ಸ್ವಲ್ಪ ಹೆಪ್ಪಿಗೆ ಮೊಸರು ಬೇಕಿತ್ತು ಅಂದ್ರು."

"ಬೇಕು ಅನ್ನಲಿಲ್ಲ."

"ಬೇಕು ಅಂದ್ರೆ ಒಂಥರಾ ಜೋರಾಗುತ್ತೆ, ಚಿಕ್ಕಮ್ಮ. ಮೊಸರು ಬೇಕಿದ್ದಿದ್ದು ಆಗಲೇ ಅಲ್ವಾ, ಆದ್ರೂ ಬೇಕಿತ್ತು ಅಂದ್ರೆ..." ಅಂದವಳು ಮಾತು ಅಲ್ಲಿಗೇ ಬಿಟ್ಟು, ಬರೆದದ್ದನ್ನು ರಬ್ಬರಿನಲ್ಲಿ ಉಜ್ಜಿ, 'ವಾಸ್ ವಂಡರಿಂಗ್' ಎಂದು ಬರೆದಳು. ಗೆರೆ ಅಷ್ಟು ಉದ್ದ ಇರಲಿಲ್ಲ, ಕೊನೆಯ ಎರಡು ಅಕ್ಷರ ಕಂಸದ ಮೇಲೆ ಹತ್ತಿದವು. ಮುಂದಿನ ಪ್ರಶ್ನೆ 'ಇಟ್ಸ್ ಟೈಮ್ ವಿ' ಎಂದು ಶುರುವಾಗಿತ್ತು. ಅದಕ್ಕೆ ಅವಳು ನನ್ನನ್ನು ಕೇಳಲೇ ಇಲ್ಲ.